ಭಾಷಾವಿಜ್ಞಾನ ಓದಾಕ ಹೊರದೇಶಕ್ಕ ಹೋಗೂದು: ಧಾರವಾಡದಿಂದ ದಾರಿ ಹೆಂಗೈತಿ?

ವರದಾತೀರ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹಾನಗಲ್ ಕಡೆಯಾಕಿ, ಧಾರವಾಡದಾಗ ಹಾಸ್ಟೆಲ್‌ನ್ಯಾಗ ಇದ್ದು ಬಿಎ ಓದಾಕತ್ತೀನಿ, ಕನ್ನಡ ಮತ್ತ ಇಂಗ್ಲಿಷ್, ಇದು ಮೂರನೇ ವರ್ಷ. ಇಂಗ್ಲಿಷ್ ಪೇಪರಿನ್ಯಾಗ ಫೊನೆಟಿಕ್ಸ್ ಅಂತ, ಮಾತಿನ ಧ್ವನಿಗಳ ಬಗ್ಗೆ ಒಂದು ಯೂನಿಟ್ ಇತ್ತು, ಕ್ಲಾಸಿನ್ಯಾಗ ಭಾಳ ಮಂದಿ ಅದನ್ನ ಚಾಯ್ಸಿಗೆ ಬಿಟ್ರು, ನನಗ ಅದ ಹಿಡಿಸ್ತು, ಅಲ್ಲಿಂದ ಸಿಕ್ಕಿದ್ದೆಲ್ಲಾ ಓದ್ಕೋತ ಹೋದೆ, ವಾಕ್ಯದ ಕಟ್ಟು ನೋಡೂ ಸಿಂಟ್ಯಾಕ್ಸು, ಶಬ್ದದ ಕಟ್ಟು ನೋಡೂ ಮಾರ್ಫಾಲಜಿ, ಯೂಟ್ಯೂಬಿನ್ಯಾಗ ಲೆಕ್ಚರು, ಈಗ ಮುಂದ ಓದಿದ್ರ ಇದನ್ನ ಓದಬೇಕು ಅಂತ ಮನಸ್ಸು ಗಟ್ಟಿ ಆಗೇತಿ. ಮನ್ಯಾಗ ಬಿಎಡ್ ಮಾಡು ಅಂತಾರ, ಅವರದೂ ತಪ್ಪಲ್ಲ, ಭಾಷಾವಿಜ್ಞಾನ (ಲಿಂಗ್ವಿಸ್ಟಿಕ್ಸ್) ಓದಿದೋರನ್ನ ನಮ್ಮ ಊರಾಗ ಯಾರೂ ನೋಡಿಲ್ಲ.

ಹುಬ್ಬಳ್ಳ್ಯಾಗ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಲಿಂಗ್ವಿಸ್ಟಿಕ್ಸ್ ಅಂದ್ರ ಸ್ಪೋಕನ್ ಇಂಗ್ಲಿಷ್ ಕೋರ್ಸಾ ಅಂತ ಕೇಳಿದ್ರು, ಬಿಡಿಸಿ ಹೇಳಿದ ಮ್ಯಾಲ ಕಂಪ್ಯೂಟರಿನ್ಯಾಗ ಹುಡುಕಿ ಇಂಗ್ಲೆಂಡಿನ ಒಂದು ವರ್ಷದ ಎಂಎ ತೋರ್ಸಿದ್ರು, 35 ಲಕ್ಷದಾಗ ಎಲ್ಲಾ ಆಗ್ತೈತಿ, ಹೊಲ ಇದ್ರ ಅದರ ಮ್ಯಾಲ ಲೋನ್ ಮಾಡಸ್ರಿ ಅಂದ್ರು. ಇದನ್ನ ಅಪ್ಪಗ ಹೇಳಾಕ ನನಗ ಬಾಯಿ ಬರ್ಲಿಲ್ಲ.

ನನಗ ಗೊತ್ತಾಗಬೇಕಾಗಿದ್ದು ಇಷ್ಟು. ಎಂಎ ಇಲ್ಲೇ ಮಾಡಿ ಆಮ್ಯಾಲ ಹೋಗೂದು ಛಲೋನೋ ಅಥವಾ ಬಿಎ ಮ್ಯಾಲ ನೇರ ಹೋಗಾಕ ಬರ್ತೈತೋ, ಕೈಯಾಗಿನ ರೊಕ್ಕ ಹಾಕದ ಹೋಗೂ ದಾರಿ ಖರೇನ ಐತೋ ಇಲ್ಲಾ ಬರೇ ಹೇಳೂ ಮಾತೋ. ಇನ್ನೊಂದು ಭಾಳ ದಿನದಿಂದ ತಲಿ ಕೊರಿಯಾಕತ್ತೇತಿ, ನಾ ಪಿಯುಸಿ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಬರವಣಿಗಿ ನಡೀತೈತಿ, ಆದ್ರ ನನಗ ಪಕ್ಕಾ ಬರೂದು ಕನ್ನಡ ಒಂದ, ಅದೂ ನಮ್ಮ ಕಡೆ ಕನ್ನಡ, ಓಣ್ಯಾಗ ಕೇಳಿ ಕೇಳಿ ಉರ್ದು ತಿಳೀತೈತಿ, ಫ್ರೆಂಚು ಜರ್ಮನ್ನು ಏನೂ ಇಲ್ಲ. ಇಷ್ಟ ಬರೂ ಹುಡುಗೀನ್ನ ಅಲ್ಲಿ ತಗೋತಾರೇನು?


ಮಾಳಮಡ್ಡಿ ಮಾಸ್ತರ:

ತಂಗಿ, ಹೊಲದ ಮ್ಯಾಲಿನ ಸಾಲದ ಮಾತು ಇವತ್ತ ತಲಿಯಿಂದ ತಗದುಬಿಡು. ಒಂದು ವರ್ಷದ ಎಂಎ ಸೆಪ್ಟೆಂಬರಿಗೆ ಶುರು ಆಗ್ತದ, ಪಿಎಚ್‌ಡಿ ಅರ್ಜಿ ಹಾಕೂದು ಡಿಸೆಂಬರ್‌ದಾಗ, ಅಷ್ಟರಾಗ ಅಲ್ಲಿಯ ಗುರುಗಳಿಗೆ ನಿನ್ನ ಹೆಸರು ಸೈತ ಸರಿಯಾಗಿ ನೆನಪಿರೂದಿಲ್ಲ, ಅವರು ನಿನ್ನ ಬಗ್ಗೆ ಶಿಫಾರಸು ಪತ್ರ ಏನಂತ ಬರೀತಾರ? ಅಲ್ಲಿಯ ವಿಶ್ವವಿದ್ಯಾಲಯಗಳು ಸಣ್ಣವಲ್ಲ, ಎಡಿನ್‌ಬರಾದಾಗ ಆಗಲಿ ಲಂಡನ್ನಿನ ಸೋವಾಸ್‌ದಾಗ ಆಗಲಿ ಕಲಿಯೂದು ಭಾಳ ಅದ, ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಸಿಕ್ಕರ ಕಣ್ಣು ಮುಚ್ಚಿ ಹೋಗು. ಸಾಲ ಮಾಡಿ ಮಾತ್ರ ಬ್ಯಾಡ.

ನಾ ಪುಣೆದ ಡೆಕ್ಕನ್ ಕಾಲೇಜಿನ್ಯಾಗ ಭಾಷಾವಿಜ್ಞಾನದ ಎಂಎ ಮಾಡಿದಾಂವ, ಆಮ್ಯಾಲ ಇಲ್ಲೇ ಕಾಲೇಜಿನ್ಯಾಗ ಕಲಿಸ್ಕೋತ ಬಂದೆ. ನನ್ನ ಸಲಹೆ ಅಂದ್ರ ಎರಡು ವರ್ಷ ಇಲ್ಲೇ ಗಟ್ಟಿ ಎಂಎ ಮಾಡು. ಡೆಕ್ಕನ್ ಕಾಲೇಜ್ ಅದ, ಹೈದರಾಬಾದಿನ್ಯಾಗ ಇಫ್ಲು (ಇಂಗ್ಲಿಷ್ ಮತ್ತ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಮತ್ತ ಹೈದರಾಬಾದ್ ವಿಶ್ವವಿದ್ಯಾಲಯ ಎರಡೂ ಅವ, ದಿಲ್ಲಿಯೊಳಗ ಜೆಎನ್‌ಯು ಮತ್ತ ದಿಲ್ಲಿ ವಿಶ್ವವಿದ್ಯಾಲಯ ಅವ. ಬಹಳಷ್ಟು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಅರ್ಜಿ ಚಳಿಗಾಲದಾಗ ಬಿಡ್ತಾರ, ಪರೀಕ್ಷೆ ಮಾರ್ಚ್ ಸುಮಾರಿಗೆ, ಹಿಂಗಾಗಿ ಬಿಎ ರಿಸಲ್ಟ್ ಬರಲಿ ಆಮ್ಯಾಲ ನೋಡೋಣು ಅಂತ ಕೂತ್ರ ವರ್ಷ ಹೋಗ್ತದ. ಫೀ ನಿಮ್ಮ ಹಾಸ್ಟೆಲ್ ಖರ್ಚಿನಷ್ಟೂ ಆಗೂದಿಲ್ಲ. ಎಂಎ ಮುಗಿಯೂದರಾಗ ಯುಜಿಸಿಯ ಎನ್‌ಇಟಿ ಪರೀಕ್ಷೆ ಬರಿ, ಅದರಾಗ ಲಿಂಗ್ವಿಸ್ಟಿಕ್ಸ್ ಅಂತ ಬ್ಯಾರೆ ವಿಷಯನ ಅದ, ಜೆಆರ್‌ಎಫ್ (ಸಂಶೋಧನೆಗೆ ಕೊಡೂ ಫೆಲೋಶಿಪ್) ಆತು ಅಂದ್ರ ತಿಂಗಳಿಗೆ 37 ಸಾವಿರ, ಹೊರಗ ಹೋಗೂದು ಆಗಲಿಲ್ಲಂದ್ರೂ ನಿನ್ನ ಓದು ನಿಲ್ಲೂದಿಲ್ಲ, ಮನಿಯವರಿಗೂ ಸಮಾಧಾನ.

ಇನ್ನ "ಅದೂ ನಮ್ಮ ಕಡೆ ಕನ್ನಡ" ಅಂತ ಬರದಿಯಲ್ಲ, ಅದನ್ನ ಓದಿ ನನಗ ಸಂಕಟ ಆತು. ನೀ ಹಾಸ್ಟೆಲಿನ್ಯಾಗ ದಿನಾ ಕೇಳೂ ಮಾತಿನ ಮ್ಯಾಲ ವಿಲಿಯಂ ಮೆಕ್‌ಕಾರ್ಮ್ಯಾಕ್ ಅನ್ನೋ ಅಮೆರಿಕದ ವಿದ್ವಾಂಸ 1960ರಾಗ ಲೇಖನ ಅಚ್ಚು ಹಾಕಿಸ್ಯಾನ, ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳು ಅಂತನ ವಿಷಯ. ಒಂದ ಊರಿನ ಬ್ಯಾರೆ ಬ್ಯಾರೆ ಸಮುದಾಯದವರ ಕನ್ನಡ ಎಲ್ಲೆಲ್ಲಿ ಫರಕ್ ಆಗ್ತದ ಅಂತ ಕೂತು ಬರಕೊಂಡು ಹೋದ. ಆಮ್ಯಾಲ ಸಾಂಗ್ಲಿ ಹತ್ರ ಕುಪ್ವಾಡ ಅಂತ ಊರು ಅದ, ನಮ್ಮ ಮಿರಜ್ ಗಾಡಿ ಹತ್ತಿದ್ರ ಅದರ ಮಗ್ಗಲಕ್ಕ ಇಳೀತೀವಿ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಲೆತಲಾಂತರದಿಂದ ಒಂದ ಊರಾಗ ಬಾಳಿ ಬಾಳಿ, ಶಬ್ದ ಬ್ಯಾರೆ ಉಳದ್ರೂ ವಾಕ್ಯದ ಕಟ್ಟು ಮಾತ್ರ ಒಂದ ಥರ ಆಗಿಬಿಟ್ಟದ ಅಂತ ಗಂಪರ್ಜ್ ಮತ್ತ ವಿಲ್ಸನ್ ಅನ್ನೋ ಭಾಷಾವಿಜ್ಞಾನಿಗಳು 1971ರಾಗ ತೋರಿಸಿಕೊಟ್ರು. ಭಾಷೆಗಳ ಸಂಪರ್ಕದ ಬಗ್ಗೆ ಎಲ್ಲಿ ಪಾಠ ಮಾಡಿದ್ರೂ ಕುಪ್ವಾಡದ ಹೆಸರು ಬರ್ತದ. ನಿಮ್ಮ ಓಣಿಯ ಉರ್ದು ನಿನಗ ತಿಳೀತದ ಅಂದಿ, ಅದು ಕಡಿಮೆ ಆಸ್ತಿ ಅಲ್ಲ, ಹಾನಗಲ್ಲಿನ ಉರ್ದು ಒಳಗ ಕನ್ನಡ ಎಷ್ಟು ಇಳದದ ಅಂತ ಕಿವಿ ಕೊಟ್ಟು ಕೇಳಾಕಿ ನೀ ಇದ್ದೀ, ಹೊರದೇಶದಿಂದ ಬರೂ ಪ್ರೊಫೆಸರ್‌ಗೆ ಅದು ಕೇಳೂದಿಲ್ಲ.

ಹಂಗ ಹೋದವರ ಮಾತು ಬೇಕಂದ್ರ ಕವಿ ಎ.ಕೆ. ರಾಮಾನುಜನ್ ಅವರನ್ನ ನೋಡು. ಬೆಳಗಾವಿಯೊಳಗ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವರು, ಡೆಕ್ಕನ್ ಕಾಲೇಜಿಗೆ ಬಂದು ಭಾಷಾವಿಜ್ಞಾನ ಓದಿ, 1959ರಾಗ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮ್ಯಾಲ ಅಮೆರಿಕದ ಇಂಡಿಯಾನಾಕ್ಕ ಹೋದ್ರು, 1963ರಾಗ ಪಿಎಚ್‌ಡಿ, ಅದೂ ಕನ್ನಡ ವ್ಯಾಕರಣದ ಮ್ಯಾಲ. ಕನ್ನಡ ಹಿಡಕೊಂಡು ಹೋಗಿ ಷಿಕಾಗೊ ವಿಶ್ವವಿದ್ಯಾಲಯ ಮುಟ್ಟಿದ್ರು.


ಬೆಟಗೇರಿಯಾಂವ:

ನಮಸ್ಕಾರ, ನಾ ಗದಗ-ಬೆಟಗೇರಿಯಾಂವ, ಈಗ ಜರ್ಮನಿಯೊಳಗ ಮಾಸ್ಟರ್ಸ್ ಎರಡನೇ ವರ್ಷ. ಮಾಸ್ತರ ಹೇಳಿದ್ದು ಎಲ್ಲಾ ಸರಿ ಆದ್ರ ಒಂದು ತಕರಾರು ಐತಿ, ಎಂಎ ಇಲ್ಲೇ ಮಾಡು ಅಂದ್ರ ಜರ್ಮನಿ ಬಾಗಿಲು ಮುಚ್ಚಿದಂಗ ಆಗಬಾರ್ದು. ಇಲ್ಲಿ ಸರಕಾರಿ ಯೂನಿವರ್ಸಿಟಿಯೊಳಗ ಹೆಚ್ಚಿನ ರಾಜ್ಯದಾಗ ನಮ್ಮಂಥವರಿಗೂ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಕಾಣಿಕೆ ಅಂತ ಒಂದಿಷ್ಟು ನೂರು ಯೂರೋ ಕೊಡಬೇಕು, ಅದರಾಗ ಬಹಳಷ್ಟು ಕಡೆ ಬಸ್ ಟ್ರೇನ್ ಪಾಸು ಸೇರಿರ್ತೈತಿ. ಕೊಲೋನ್, ಲೈಪ್‌ಜಿಗ್, ಪಾಟ್ಸ್‌ಡಾಮ್, ಗಟ್ಟಿಂಗನ್, ಎಲ್ಲಾ ಕಡೆ ಲಿಂಗ್ವಿಸ್ಟಿಕ್ಸ್ ಐತಿ, ಇಂಗ್ಲಿಷ್‌ನ್ಯಾಗ ನಡಿಯೂ ಕೋರ್ಸೂ ಅದಾವ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಬ್ಯಾರೆ, ಅಲ್ಲಿ 2017ರಿಂದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ, ಅಂದ್ರ ಕಾನ್‌ಸ್ಟಾನ್ಜ್, ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇವಕ್ಕ ಫೀ ಐತಿ. ಟ್ಯೂಬಿಂಗನ್ ಅಂದ್ರ ನಮ್ಮ ಕಿಟೆಲ್ ಸಾಹೇಬ್ರಿಗೆ ನಿಘಂಟು ಬಂದ ಎರಡು ವರ್ಷಕ್ಕ, 1896ರಾಗ ಗೌರವ ಡಾಕ್ಟರೇಟ್ ಕೊಟ್ಟ ಯೂನಿವರ್ಸಿಟಿ, ಹಂಗಾಗಿ ಆ ಹೆಸರು ಕಂಡ್ರ ನನಗ ಈಗೂ ಒಂಥರಾ ಹೆಮ್ಮಿ.

ಫೀ ಇಲ್ಲ ಅಂದ್ರ ರೊಕ್ಕ ಬ್ಯಾಡ ಅಂತ ಅಲ್ಲ, ಇದನ್ನ ಕನ್ಸಲ್ಟೆನ್ಸಿಯವರು ಸರಿಯಾಗಿ ಹೇಳಂಗಿಲ್ಲ. ವೀಸಾಕ್ಕ ಬ್ಲಾಕ್ಡ್ ಅಕೌಂಟಿನ್ಯಾಗ 11,904 ಯೂರೋ ಇಡಬೇಕು, ಇದು 2024ರ ಸೆಪ್ಟೆಂಬರಿನಿಂದ ಇರೂ ಮೊತ್ತ, ನಮ್ಮ ರೊಕ್ಕದಾಗ 12 ಲಕ್ಷದ ಆಸುಪಾಸು. ಅದು ಫೀ ಅಲ್ಲ, ನಿಂದ ರೊಕ್ಕ, ತಿಂಗಳಿಗೆ 992 ಯೂರೋದಂಗ ನಿನಗ ತಿರುಗಿ ಬರ್ತೈತಿ, ಅದರಾಗ ಬಾಡಿಗಿ ಊಟ ಇನ್ಶೂರೆನ್ಸ್ ಎಲ್ಲಾ ನಡೀಬೇಕು. ಎರಡನೇ ವರ್ಷಕ್ಕ ಕೆಲಸ ಮಾಡಿ ತಗೀಬೇಕು, ವರ್ಷಕ್ಕ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಾಕ ಬಿಡ್ತಾರ. ಡಿಪಾರ್ಟ್‌ಮೆಂಟಿನ್ಯಾಗ ಹಿವಿ ಅಂತ ವಿದ್ಯಾರ್ಥಿ ಸಹಾಯಕರ ಕೆಲಸ ಸಿಕ್ರ ಭಾಳ ಛಲೋ, ರೆಕಾರ್ಡಿಂಗ್ ಕೇಳಿ ಟ್ರಾನ್ಸ್‌ಕ್ರೈಬ್ ಮಾಡೂದು, ಅದ ಕಲಿಕಿನೂ ಆಗ್ತೈತಿ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಡಿಗ್ರಿ ಕಾಗದ ಖರೇ ಅದಾವ ಅಂತ ಜರ್ಮನಿಯವರು ನೋಡಿ ಕೊಡೂದು) ಇಲ್ಲದ ಭಾರತದವರಿಗೆ ಅರ್ಜಿನ ಮುಂದ ಹೋಗಂಗಿಲ್ಲ, ಅದಕ್ಕ 18 ಸಾವಿರ ರೂಪಾಯಿ ಮತ್ತ ವಾರಗಟ್ಟಲೆ ಟೈಮು, ಕರ್ನಾಟಕ ಯೂನಿವರ್ಸಿಟಿಯಿಂದ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್‌ಕಾರ್ಡ್, ಟ್ರಾನ್ಸ್‌ಕ್ರಿಪ್ಟ್ ಈಗಿಂದ ತಗದಿಡು, ಹೆಸರಿನ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ, ಆಧಾರ್, ಪಾಸ್‌ಪೋರ್ಟ್ ಮೂರರಾಗೂ ಒಂದ ಇರಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳ್ಯಾಗ ಐತಿ, ಬೆಂಗಳೂರಿಗೆ ಅಲೀಬೇಕಾಗಿಲ್ಲ.

ನಾರ್ವೆ ಫ್ರೀ ಅಂತ ಯಾರರ ಹೇಳಿದ್ರ ನಂಬಬ್ಯಾಡ, 2023ರಿಂದ ಅಲ್ಲಿ ಯುರೋಪಿನ ಹೊರಗಿನವರಿಗೆ ಫೀ ಹಾಕ್ಯಾರ. ನೆದರ್‌ಲ್ಯಾಂಡ್ಸಿನ ಲೈಡನ್ ಭಾಳ ದೊಡ್ಡ ಹೆಸರು ಆದ್ರ ಮಾಸ್ಟರ್ಸಿಗೆ ಫೀ ಜಾಸ್ತಿ, ಅಲ್ಲಿಗೆ ಹೋಗೂದಾದ್ರ ಪಿಎಚ್‌ಡಿಗೆ ಹೋಗು, ಯಾಕಂದ್ರ ಅಲ್ಲಿ ಮತ್ತ ಇಲ್ಲಿ ಪಿಎಚ್‌ಡಿ ಅಂದ್ರ ಬಹಳಷ್ಟು ಸಲ ನೌಕರಿ ಇದ್ದಂಗ, ಪಗಾರ ಕೊಡ್ತಾರ, ಜಾಹೀರಾತು ಲಿಂಗ್ವಿಸ್ಟ್ ಲಿಸ್ಟ್ ಅನ್ನೋ ವೆಬ್‌ಸೈಟಿನ್ಯಾಗ ಬರ್ತಾವ. ಯುರೋಪಿಯನ್ ಯೂನಿಯನ್ನಿನ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ರ ತಿಂಗಳಿಗೆ 1400 ಯೂರೋ ಮತ್ತ ಫೀ ಮಾಫ್, ಭಾಷೆ ಮತ್ತ ಕಂಪ್ಯೂಟರ್ ಕೂಡಿಸಿ ಓದೋರಿಗೆ ಅದು ಒಂದು ದಾರಿ, ಅದಕ್ಕ ಪ್ರೋಗ್ರಾಮಿಂಗ್ ಬರಬೇಕು.


ನವನಗರ ಎಸ್:

ಹಾಯ್, ನಾ ಹುಬ್ಬಳ್ಳಿ ನವನಗರದಾಕಿ, ಅಮೆರಿಕಾದಾಗ ಲಿಂಗ್ವಿಸ್ಟಿಕ್ಸ್ ಪಿಎಚ್‌ಡಿ ಮಾಡಾಕತ್ತೀನಿ, ಸಿಂಟ್ಯಾಕ್ಸ್ ನನ್ನ ಕೆಲಸ. ರೊಕ್ಕ ಇಲ್ದ ಹೋಗೂ ದಾರಿ ಖರೇನ ಐತಿ ಅಂತ ಮೊದಲ ಹೇಳ್ತೀನಿ. ಇಲ್ಲಿ ಪಿಎಚ್‌ಡಿ ಅಂದ್ರ ಐದು ವರ್ಷ, ಸೇರಿಸಿಕೊಂಡ್ರು ಅಂದ್ರ ಟ್ಯೂಷನ್ ಮಾಫ್, ಮ್ಯಾಲ ಸ್ಟೈಪೆಂಡ್, ಬದಲಿಗೆ ಬಿಎ ಹುಡುಗರಿಗೆ ಪಾಠ ಹೇಳಾಕ, ಪೇಪರ್ ತಿದ್ದಾಕ ಸಹಾಯ ಮಾಡಬೇಕು. ಎಂಎ ಬೇಕ ಬೇಕು ಅಂತಿಲ್ಲ, ಬಿಎ ಮ್ಯಾಲ ಅರ್ಜಿ ಹಾಕಾಕ ಬರ್ತೈತಿ, ಆದ್ರ ನಮ್ಮ ಮೂರು ವರ್ಷದ ಡಿಗ್ರೀನ್ನ ಕೆಲವರು ಒಪ್ಕೋತಾರ ಕೆಲವರು ಇಲ್ಲ. ಅದಕ್ಕ ಮಾಸ್ತರ ಹೇಳಿದ್ದಕ್ಕ ನಂದೂ ವೋಟು, ಅದೂ ಡಿಗ್ರಿ ವರ್ಷದ ಸಲುವಾಗಿ ಅಷ್ಟ ಅಲ್ಲ, ನೀ ಸ್ವಂತ ಬರದ ಒಂದು ಪೇಪರ್ ಇಲ್ದ ಇಲ್ಲಿ ಯಾರೂ ಸೀಟ್ ಕೊಡಂಗಿಲ್ಲ, ಅದನ್ನ ಬರಿಯೂದು ಕಲಿಯಾಕ ಎಂಎ ಬೇಕು.

ಅರ್ಜಿಯೊಳಗ ಮಾರ್ಕ್ಸ್ ನೋಡ್ತಾರ, ಮೂರು ಶಿಫಾರಸು ಪತ್ರ ನೋಡ್ತಾರ, ಜಿಆರ್‌ಇ ಈಗ ಬಹಳಷ್ಟು ಲಿಂಗ್ವಿಸ್ಟಿಕ್ಸ್ ಡಿಪಾರ್ಟ್‌ಮೆಂಟ್ ಕೇಳಂಗಿಲ್ಲ, ಇಂಗ್ಲಿಷ್ ಪರೀಕ್ಷೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಕು. ಆದ್ರ ಸೀಟು ಸಿಗೂದು ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಏನು ಓದಬೇಕು, ಯಾಕ ಅಂತ ಬರಿಯೂದು) ಮತ್ತ ರೈಟಿಂಗ್ ಸ್ಯಾಂಪಲ್ (ನೀ ಸ್ವಂತ ಬರದ ಪೇಪರ್) ಮ್ಯಾಲ. ಸ್ಟೇಟ್‌ಮೆಂಟಿನ್ಯಾಗ "ಸಣ್ಣಾಕಿ ಇದ್ದಾಗಿಂದ ನನಗ ಭಾಷೆ ಅಂದ್ರ ಪ್ರೀತಿ" ಅಂತ ಶುರು ಮಾಡಬ್ಯಾಡ, ನನಗ ಈ ಪ್ರಶ್ನೆ ಐತಿ, ಇಷ್ಟು ಡೇಟಾ ನೋಡೀನಿ, ಇಲ್ಲಿ ಬಂದು ನಿಂತೀನಿ, ಮುಂದ ಹೋಗಾಕ ನಿಮ್ಮಲ್ಲಿರೂ ಇಂಥವರ ಕೂಡ ಕೆಲಸ ಮಾಡಬೇಕು ಅಂತ ಬರಿ.

ಪ್ರಶ್ನೆ ಎಲ್ಲಿಂದ ತರ್ಲಿ ಅಂತ ನೀ ಕೇಳಬಹುದು, ಈ ಪೇಜಿನ್ಯಾಗ ಐತಿ ನೋಡು. ಮಾಸ್ತರ ಮ್ಯಾಲ "ನೆನಪಿರೂದಿಲ್ಲ" ಅಂದಾರ, "ಆಗೂದಿಲ್ಲ" ಅಂದಾರ, ಬೆಟಗೇರಿಯಣ್ಣ "ಹೇಳಂಗಿಲ್ಲ", "ಹೋಗಂಗಿಲ್ಲ" ಅಂದಾನ, ನಾನೂ "ಕೊಡಂಗಿಲ್ಲ" ಅಂತೀನಿ. ಬೆಂಗಳೂರಾಗ "ಕೊಡಲ್ಲ". ಈಗ ತುಸು ಮುಂದ ಹೋಗು. ನಾ ಬರ್ತೀನಿ, ನೀ ಬರ್ತಿ, ಅವ ಬರ್ತಾನ, ಅಕಿ ಬರ್ತಾಳ, ಒಬ್ಬೊಬ್ಬರಿಗೆ ಒಂದೊಂದು ಕೊನಿ ಐತಿ. ಇಲ್ಲ ಅನ್ನಬೇಕಾದ್ರ? ನಾ ಬರಂಗಿಲ್ಲ, ನೀ ಬರಂಗಿಲ್ಲ, ಅವ ಬರಂಗಿಲ್ಲ, ಅಕಿ ಬರಂಗಿಲ್ಲ. ಆ ಕೊನಿಗಳೆಲ್ಲಾ ಎಲ್ಲಿ ಹೋದ್ವು? ಇಲ್ಲ ಅನ್ನೋದು ಬಂದ ಕೂಡ್ಲೆ ಕ್ರಿಯಾಪದ ಯಾಕ ತನ್ನ ಗುರುತು ಬಿಡ್ತೈತಿ? ಅಮೃತವಲ್ಲಿ ಮತ್ತ ಜಯಶೀಲನ್ ಅನ್ನೋ ಭಾಷಾವಿಜ್ಞಾನಿಗಳು ದ್ರಾವಿಡ ಭಾಷೆಗಳ ನಿಷೇಧದ ಬಗ್ಗೆ 2005ರಾಗ ಬರದದ್ದು ಇದರ ಮ್ಯಾಲ, ಕನ್ನಡದ ನಿಷೇಧ ವಾಕ್ಯದಾಗ ಕ್ರಿಯಾಪದ ಪೂರ್ಣ ರೂಪದಾಗ ಇರಂಗಿಲ್ಲ ಅಂತ ಅವರ ವಾದ. ಈಗ ನಿನ್ನ ಕೆಲಸ ಇಲ್ಲಿ ಶುರು. ಮೈಸೂರು ಕಡೆ "ಒಳಗೆ ಬರೋ ಹಂಗಿಲ್ಲ" ಅಂದ್ರ ಬರಾಕ ಪರವಾನಗಿ ಇಲ್ಲ ಅಂತ. ನಮ್ಮ "ಬರಂಗಿಲ್ಲ" ಕೇಳಾಕ ಅದರಂಗನ ಕಾಣ್ತೈತಿ ಆದ್ರ ಪರವಾನಗಿ ಮಾತ ಅಲ್ಲ, ಸುಮ್ನ ಬರೂದಿಲ್ಲ ಅಷ್ಟ. "ಈ ಸಲ ಮಳಿ ಬರಂಗಿಲ್ಲ" ಅಂತೀವಿ, ಮಳಿಗೆ ಯಾರು ಪರವಾನಗಿ ಕೊಡ್ತಾರ? ಪರವಾನಗಿ ಇಲ್ಲ ಅಂತ ಹೇಳೂದಿದ್ರ ನಾವು "ಬರೂಹಂಗಿಲ್ಲ" ಅಂತ ಎಳದು ಹೇಳ್ತೀವಿ. ಎರಡೂ ಒಂದ ಬೇರಿಂದ ಬಂದಾವೋ, ಯಾವಾಗ ಕವಲೊಡದ್ವು, ಹಾನಗಲ್ ಕಡೆ ಹಿರೇರು ಒಂದಾಡ್ತಾರೋ ಹುಡುಗರು ಒಂದಾಡ್ತಾರೋ, "-ಊದಿಲ್ಲ" ಅನ್ನೋರು ಯಾರು "-ಅಂಗಿಲ್ಲ" ಅನ್ನೋರು ಯಾರು, ಇದನ್ನ ಹತ್ತಿಪ್ಪತ್ತು ಮಂದಿ ಕೂಡ ಕೂತು ಕೇಳಿ ಬರದ್ರ ಹದಿನೈದು ಪುಟದ ಪಕ್ಕಾ ರೈಟಿಂಗ್ ಸ್ಯಾಂಪಲ್ ಆಗ್ತೈತಿ. ಇಂಥಾದ್ದು ಇಂಗ್ಲಿಷ್ ಮೇಲಿನ ನೂರು ಅರ್ಜಿ ನಡುವ ಕಮಿಟಿಯವರ ಕಣ್ಣಿಗೆ ಬಿದ್ದ ಬೀಳ್ತೈತಿ.

ಕನ್ನಡ ಅಂದ್ರ ಇಲ್ಲಿ ಯಾರಿಗೂ ಬ್ಯಾಡ ಅನ್ನೋದು ತಪ್ಪು ತಿಳುವಳಿಕಿ. ಮೇರಿಲ್ಯಾಂಡ್ ಯೂನಿವರ್ಸಿಟಿಯ ಜೆಫ್ರಿ ಲಿಡ್ಜ್ ಮಕ್ಕಳ ಭಾಷಾ ಕಲಿಕಿ ಮ್ಯಾಲ ಮಾಡಿದ ಹೆಸರಾದ ಕೆಲಸದಾಗ ಒಂದು ಕನ್ನಡ ಮಕ್ಕಳ ಮ್ಯಾಲಿನದು, ಲೀಲಾ ಗ್ಲೈಟ್‌ಮನ್ ಮತ್ತ ಹೆನ್ರಿ ಗ್ಲೈಟ್‌ಮನ್ ಕೂಡ 2003ರಾಗ ಬಂದದ್ದು. ಕನ್ನಡದಾಗ ಮಾಡು-ಮಾಡಿಸು, ಏರು-ಏರಿಸು ಅಂತ "ಇಸು" ಹಚ್ಚಿದ್ರ ಯಾರೋ ಇನ್ನೊಬ್ಬರು ಮಾಡಿಸಿದ್ದು ಅಂತ ಪಕ್ಕಾ ಗೊತ್ತಾಗ್ತೈತಿ. ಹಂಗಿದ್ರೂ ಮೂರು ವರ್ಷದ ಮಕ್ಕಳು ಹೊಸ ವಾಕ್ಯದ ಅರ್ಥ ಹಿಡಿಯಾಕ ಆ "ಇಸು"ನ ನೆಚ್ಚಿಕೊಳ್ಳಲಿಲ್ಲ, ವಾಕ್ಯದಾಗ ಎಷ್ಟು ನಾಮಪದ ಅದಾವ ಅಂತ ನೋಡಿದ್ರು. ಮಕ್ಕಳು ಕೇಳಿದ್ದನ್ನಷ್ಟ ನೋಡಿ ಕಲಿತಾರೋ ಅಥವಾ ಹುಟ್ಟುತ್ತಲೇ ಏನರ ತಂದಿರ್ತಾರೋ ಅನ್ನೋ ದೊಡ್ಡ ಜಗಳದಾಗ ಈ ಕನ್ನಡದ ಸಾಕ್ಷಿ ಎಲ್ಲಾರೂ ತಗೀತಾರ. ಕನ್ನಡ ವ್ಯಾಕರಣ ಅಂದ್ರ ಎಸ್.ಎನ್. ಶ್ರೀಧರ್ ಅವರು 1990ರಾಗ ಇಂಗ್ಲಿಷ್‌ನ್ಯಾಗ ಬರದದ್ದನ್ನ ಎಲ್ಲಾರೂ ಎತ್ತಿ ಹೇಳ್ತಾರ, ಅವರು ನ್ಯೂಯಾರ್ಕಿನ ಸ್ಟೋನಿ ಬ್ರೂಕ್‌ನವರು. ಆದ್ರ ಅದೆಲ್ಲಾ ಹೆಚ್ಚು ಕಡಿಮಿ ಮೈಸೂರು-ಬೆಂಗಳೂರು ಕಡೆ ಕನ್ನಡ, ನಮ್ಮ ಕಡೆದು ಭಾಳ ಬರದಿಲ್ಲ, ಹಂಗಾಗಿ ಜಾಗ ಖಾಲಿ ಐತಿ.

ಸಿಂಟ್ಯಾಕ್ಸಿಗೆ ಮೇರಿಲ್ಯಾಂಡ್, ಯುಮಾಸ್ ಆಮ್ಹರ್ಸ್ಟ್, ಸಾಂತಾ ಕ್ರೂಜ್, ರಟ್ಗರ್ಸ್ ನೋಡು, ಊರೂರಿಗೆ ಹೋಗಿ ಭಾಷೆ ದಾಖಲು ಮಾಡೂದು ಇಷ್ಟ ಆದ್ರ ಹವಾಯಿ, ಬರ್ಕ್ಲಿ, ಸಾಂತಾ ಬಾರ್ಬರಾ. ಅರ್ಜಿ ಡಿಸೆಂಬರ್‌ನಿಂದ ಜನವರಿ ನಡುವ, ಉತ್ತರ ಫೆಬ್ರವರಿ ಮಾರ್ಚಿನ್ಯಾಗ, ಒಪ್ಕೋತಿಯೋ ಇಲ್ಲೋ ಅಂತ ಹೇಳಾಕ ಸಾಮಾನ್ಯವಾಗಿ ಏಪ್ರಿಲ್ 15ರ ತನಕ ಟೈಮು. ಒಂದೊಂದು ಅರ್ಜಿಗೆ ನೂರು ಡಾಲರ್ ಹತ್ರ ಫೀ, ಮಾಫ್ ಮಾಡ್ರಿ ಅಂತ ಕೇಳು, ಕೆಲವರು ಮಾಡ್ತಾರ, ಕೇಳಾಕ ಸಂಕೋಚ ಬ್ಯಾಡ. ಒಂದು ಖರೆ ಮಾತು, ಈಗ ಇಲ್ಲಿ ಸರಕಾರದ ರಿಸರ್ಚ್ ರೊಕ್ಕ ಕಡಿಮಿ ಆಗಿ ಕೆಲವು ಯೂನಿವರ್ಸಿಟಿ ಸೀಟು ಇಳಿಸ್ಯಾವ, ವೀಸಾ ಕೂಡ ಮೊದಲಿನಂಗ ಸಸಾರ ಇಲ್ಲ. ಬರೇ ಅಮೆರಿಕಾ ನೆಚ್ಚಿ ಕೂಡಬ್ಯಾಡ, ಕೆನಡಾ, ಜರ್ಮನಿ ಎಲ್ಲಾ ಕೂಡಿಸಿ ಹಾಕು.


ಲಕ್ಷ್ಮೇಶ್ವರದ ರಾಘು:

ನೌಕರಿ ಬಗ್ಗೆ ಯಾರೂ ಬರೀಲಿಲ್ಲ ಅದಕ್ಕ ಬರೀತೀನಿ. ನಾ ಇಂಜಿನಿಯರಿಂಗ್ ಮಾಡಿ ಈಗ ಸ್ಪೀಚ್ ಡೇಟಾ ಕೆಲಸದಾಗ ಇದ್ದೀನಿ, ಫೋನಿಗೆ ಕನ್ನಡ ಮಾತಾಡಿದ್ರ ತಿಳೀಬೇಕಲ್ಲ, ಆ ಕೆಲಸ. 2022ರಾಗ ಕೇಂದ್ರ ಸರಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ ಶುರು ಆದಾಗಿಂದ ಕನ್ನಡದಂಥ ಭಾಷೆಗೆ ಡೇಟಾ ಬೇಕಾಗೇತಿ, ಐಐಟಿ ಮದ್ರಾಸಿನ ಎಐಫಾರ್‌ಭಾರತ್ ಸಂಶೋಧನಾ ತಂಡ ಐತಿ, ಮೈಸೂರಾಗ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಐತಿ. ನಮ್ಮಂಥ ಇಂಜಿನಿಯರ್ ಮಂದಿಗೆ ಗದಗಿನ ಹೆಣ್ಮಗಳು ಆಡಿದ ಮಾತು ಮಷೀನಿಗೆ ಯಾಕ ತಿಳೀಲಿಲ್ಲ ಅಂತ ಹೇಳಾಕ ಬರಂಗಿಲ್ಲ, ಭಾಷಾವಿಜ್ಞಾನ ಓದಿದಾಕಿ ಹೇಳ್ತಾಳ. ಪೈಥಾನ್ ಪ್ರೋಗ್ರಾಮಿಂಗ್ ತುಸು ಕಲಿ, ಲಿಂಗ್ವಿಸ್ಟಿಕ್ಸ್ ಜೋಡಿ ಅದು ಇದ್ರ ಯಾವ ದೇಶದಾಗೂ ಹೊಟ್ಟಿಗೆ ಕಡಿಮಿ ಆಗಂಗಿಲ್ಲ.

ಇನ್ನೊಂದು, ಸ್ಕಾಲರ್‌ಶಿಪ್. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಹೊರದೇಶದಾಗ ಓದಾಕ ಕರ್ನಾಟಕ ಸರಕಾರದ ಪ್ರಬುದ್ಧ ಯೋಜನೆ ಐತಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಎಸ್‌ಸಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೂಲಿಕಾರರ ಮಕ್ಕಳು ಮತ್ತ ಪಾರಂಪರಿಕ ಕುಶಲಕರ್ಮಿಗಳಿಗೆ ಐತಿ, ಮನಿ ಆದಾಯ ವರ್ಷಕ್ಕ 8 ಲಕ್ಷದ ಒಳಗ ಇರಬೇಕು. ಆದ್ರ 2022ರಾಗ ಅದಕ್ಕ ಒಂದು ನಿಯಮ ಕೂಡಿಸ್ಯಾರ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಮೇಲಿನ ಸಂಶೋಧನೆಗೆ ಕೊಡಂಗಿಲ್ಲ ಅಂತ. ಕನ್ನಡದ ಮೇಲೆ ಕೆಲಸ ಮಾಡ್ತೀನಿ ಅನ್ನೋರು ವಿಷಯದ ವಿವರಣಿ ಬರಿಯೂ ಮುಂದ ಆ ನಿಯಮ ಒಂದು ಸಲ ಓದ್ಬೇಕು. ನನ್ನ ಪ್ರಕಾರ ಆ ನಿಯಮ ಅನ್ಯಾಯದ್ದು, ತನ್ನ ಮಂದಿ ಬಗ್ಗೆ ಓದಾಕ ಹೊರಗಿನ ದೊಡ್ಡ ಲೈಬ್ರರಿಗೆ ಹೋಗೂ ಹಕ್ಕು ಬಡವರ ಮಕ್ಕಳಿಗೂ ಇರಬೇಕು.

ನಮ್ಮ ಗದಗ, ಹಾವೇರಿ ಜಿಲ್ಲೆ ತಾಂಡಾಗಳ ಲಂಬಾಣಿ ಮಾತು ಇನ್ನೊಂದು ವಿಷಯ. ಅದು ಹಿಂದಿ, ಮರಾಠಿಯಂಗ ಇಂಡೋ ಆರ್ಯನ್ ಕುಲದ ಭಾಷೆ, ಸುತ್ತಲೂ ಕನ್ನಡ, ಬರಿಯಾಕ ಕನ್ನಡ ಲಿಪಿ. ನನ್ನ ದೋಸ್ತ್ ತಾಂಡಾದಾಂವ, ಅವನ ಮಗಳು ಮನ್ಯಾಗ ಅಜ್ಜಿ ಕೂಡ ಲಂಬಾಣಿ ಆಡ್ತಾಳ, ಅಪ್ಪ ಮಾತಾಡಿಸಿದ್ರ ಕನ್ನಡದಾಗ ಉತ್ತರ ಕೊಡ್ತಾಳ. ಯಾರರ ಈಗ ಬರಕೊಳ್ಳಬೇಕು.


ವರದಾತೀರ:

ಎಲ್ಲಾರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲಂಗಿಲ್ರಿ. ಮಾಸ್ತರ ಬರದದ್ದನ್ನ ಅಪ್ಪಗ ಫೋನಿನ್ಯಾಗ ಓದಿ ಹೇಳ್ದೆ, ಸಾಲ ಮಾಡೂದು ಬ್ಯಾಡ ಅಂತ ಬಂದ ಕೂಡ್ಲೆ ಅರ್ಧ ಒಪ್ಪಿದ್ರು, ಹೈದರಾಬಾದ್ ಆದ್ರ ಹೋಗು ಅಂದಾರ. ಅಕ್ಕಾ, ನೀವು "ಬರಂಗಿಲ್ಲ" ಬಗ್ಗೆ ಬರದದ್ದು ಓದಿದ ಮ್ಯಾಲ ಮೆಸ್ಸಿನ್ಯಾಗ ಯಾರು ಏನಂತಾರ ಅಂತ ಕೇಳ್ಕೋತ ಊಟ ಮಾಡಾಕತ್ತೀನಿ, ಶಿರಸಿ ಕಡೆ ಹುಡುಗಿ ಒಬ್ಬಾಕಿ ಬ್ಯಾರೆನ ಅಂತಾಳ, ಅದನ್ನೂ ಬರಕೊಂಡೀನಿ.

ಮೂರು ಕೇಳೂದೈತಿ. ನಮ್ಮದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಕೊನೇ ಬ್ಯಾಚು, ನಾಕನೇ ವರ್ಷ ಆನರ್ಸ್ ಮಾಡಾಕ ಅವಕಾಶ ಐತಿ ಅಂತಾರ, ನಮ್ಮ ಜೂನಿಯರ್ ಮಂದಿಗೆ ಮತ್ತ ಮೂರ ವರ್ಷ ಆಗೇತಿ, ನಾ ಆ ವರ್ಷ ಮಾಡ್ಲೋ ಅಥವಾ ಎಂಎಕ್ಕ ಹೋಗ್ಲೋ? ಪ್ರೊಫೆಸರಿಗೆ ಈಗ ಮೇಲ್ ಹಾಕ್ಬೇಕೇನು? ಮತ್ತ ರೆಕಾರ್ಡ್ ಮಾಡೂದು ಹೆಂಗ, ಫೋನಿನ್ಯಾಗ ನಡೀತೈತಾ?


ನವನಗರ ಎಸ್:

ಆನರ್ಸ್ ವರ್ಷದಾಗ ನಿಮ್ಮ ಕಾಲೇಜು ರಿಸರ್ಚ್ ಪ್ರಾಜೆಕ್ಟ್ ಕೊಡ್ತೈತಿ, ಅದನ್ನ ನೋಡಾಕ ಭಾಷಾವಿಜ್ಞಾನ ತಿಳದ ಗೈಡ್ ಸಿಗ್ತಾರ ಅಂದ್ರ ಮಾಡು, ಇಲ್ಲಂದ್ರ ಎಂಎಕ್ಕ ಹೋಗು. 3+2, ಮೂರು ವರ್ಷ ಬಿಎ ಎರಡು ವರ್ಷ ಎಂಎ, ಅಂದ್ರ ಇಲ್ಲಿ ಯಾರೂ ತಕರಾರು ತಗಿಯಂಗಿಲ್ಲ. ಈ ವರ್ಷ ಸಿಯುಇಟಿ ಬರದ ಬರಿ, ಎರಡೂ ಕೈಯಾಗ ಇರ್ಲಿ.

ಮೇಲ್ ಈಗ ಬ್ಯಾಡ. ಅಮೆರಿಕಾದಾಗ ಸೀಟು ಕೊಡೂದು ಕಮಿಟಿ, ಒಬ್ಬ ಪ್ರೊಫೆಸರ್ ಹೂಂ ಅಂದ್ರ ಆಗಂಗಿಲ್ಲ. ಅರ್ಜಿ ಹಾಕೂ ವರ್ಷ ಆಗಸ್ಟ್ ಸೆಪ್ಟೆಂಬರಿನ್ಯಾಗ ಐದಾರು ಸಾಲಿನ ಮೇಲ್ ಹಾಕು, ಅವರ ಒಂದು ಪೇಪರ್ ಖರೇನ ಓದಿ, ಅದರ ಮ್ಯಾಲ ನಿನ್ನ ಡೇಟಾದಿಂದ ಒಂದು ಪ್ರಶ್ನೆ ಕೇಳು. ಜರ್ಮನಿ ಪಿಎಚ್‌ಡಿಗೆ ಮಾತ್ರ ಬ್ಯಾರೆ, ಅಲ್ಲಿ ಗೈಡ್ ಒಪ್ಪಿದ್ರ ಅರ್ಧ ಕೆಲಸ ಆದಂಗ.

ರೆಕಾರ್ಡಿಂಗಿಗೆ ಫೋನು ನಡೀತೈತಿ, ಶುರು ಮಾಡಾಕ ಸಾಕು. ವೇವ್ ಫೈಲ್ ಉಳಿಸೂ ಆಪ್ ಹಾಕ್ಕೋ, ಎಂಪಿ3 ಆದ್ರ ಸ್ವರ ಅಳಿಯಾಕ ಕೆಡ್ತೈತಿ. ಫ್ಯಾನ್ ಬಂದ್ ಮಾಡು, ಹಿತ್ತಲ ಕಡೆ ಖೋಲಿ ಆದ್ರ ಇನ್ನೂ ಛಲೋ. ರೆಕಾರ್ಡ್ ಮಾಡೂ ಮುಂದ ಯಾಕ ಮಾಡಾಕತ್ತೀನಿ, ಎಲ್ಲಿ ಬಳಸ್ತೀನಿ ಅಂತ ಹೇಳಿ ಅವರ ಒಪ್ಪಿಗಿ ತಗೋ, ಅದನ್ನೂ ರೆಕಾರ್ಡಿನ್ಯಾಗ ಬರೂಹಂಗ ಮಾಡು, ಮುಂದ ಯೂನಿವರ್ಸಿಟಿಯವರು ಕೇಳೇ ಕೇಳ್ತಾರ. ಹೆಸರು ಬರಿಬ್ಯಾಡ, ವಯಸ್ಸು, ಊರು, ಮನ್ಯಾಗ ಯಾವ ಭಾಷೆ, ಎಲ್ಲಿ ತನಕ ಓದ್ಯಾರ ಇಷ್ಟು ಸಾಕು. "ಬರಂಗಿಲ್ಲ ಅಂತೀರೇನು" ಅಂತ ನೇರ ಕೇಳಬ್ಯಾಡ, ಕೇಳಿದ್ರ ಸಾಲಿ ಕನ್ನಡದಾಗ ಉತ್ತರ ಕೊಡ್ತಾರ, ಮಳಿ ಬೆಳಿ, ಮದುವಿ, ಬಸ್ಸು ಯಾಕ ಬರ್ಲಿಲ್ಲ, ಇಂಥಾದ್ದು ಮಾತಾಡ್ಸು, ತಾನ ಬರ್ತೈತಿ. ಧ್ವನಿ ನೋಡಾಕ ಆಮ್‌ಸ್ಟರ್‌ಡಾಮಿನವರ ಪ್ರಾಟ್ ಅನ್ನೋ ಸಾಫ್ಟ್‌ವೇರ್ ಐತಿ, ಮಾತು ಕೇಳಿ ಸಾಲು ಸಾಲು ಬರಕೊಳ್ಳಾಕ ನೈಮೇಗನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ ಈಲಾನ್ ಐತಿ, ಎರಡೂ ಫ್ರೀ, ಹಳೇ ಲ್ಯಾಪ್‌ಟಾಪಿನ್ಯಾಗೂ ಓಡ್ತಾವ.

ಶಿರಸಿ ಹುಡುಗಿದು ಬಿಡಬ್ಯಾಡ, ಹವ್ಯಕರಾಕಿ ಆಗಿದ್ರ ಅಕಿ ಮನಿ ಮಾತು ಅಂತೂ ಬ್ಯಾರೆನ ಐತಿ. ಮೊದಲ ಹತ್ತು ಪುಟದ ಡ್ರಾಫ್ಟ್ ಆದ ಮ್ಯಾಲ ಇಲ್ಲೇ ಹಾಕು, ಕನ್ನಡದಾಗ ಬರದ್ರೂ ಅಡ್ಡಿ ಇಲ್ಲ, ನಾ ಓದಿ ಹೇಳ್ತೀನಿ. ಡಿಸೆಂಬರ್‌ದಾಗ ಮಾತ್ರ ಹಾಕಬ್ಯಾಡ, ಆಗ ನಮ್ಮ ಕಡೆ ಪರೀಕ್ಷೆ ಪೇಪರ್ ತಿದ್ದೂದು ಇರ್ತೈತಿ.


ಮಾಳಮಡ್ಡಿ ಮಾಸ್ತರ:

ತಂಗಿ, ನಾನೂ ಓದ್ತೀನಿ. ಮೆಕ್‌ಕಾರ್ಮ್ಯಾಕನ ಲೇಖನದ ಝೆರಾಕ್ಸ್ ನನ್ನ ಕಡೆ ಅದ, ರವಿವಾರ ಬಿಟ್ಟು ಯಾವತ್ತರ ಸಂಜೀಮುಂದ ಬಂದು ತಗೊಂಡು ಹೋಗು. ನನ್ನ "ಊದಿಲ್ಲ"ನೂ ರೆಕಾರ್ಡ್ ಮಾಡ್ಕೋ, ಒಪ್ಪಿಗಿ ಈಗ ಕೊಟ್ಟೀನಿ.